ಚಿಕ್ಕ ಅಂಗಡಿಯ ದುಡ್ಡು ತಡೆದರೆ ಕೇಳುವವರು ಯಾರು?



ನಾಗಪುರದ ಧರಂಪೇಠ, ಇತವಾರಿ ಕಡೆ ಮನೆಯಲ್ಲೇ ಕಿತ್ತಳೆ ಬರ್ಫಿ, ಹಪ್ಪಳ, ಚಟ್ನಿಪುಡಿ ಮಾಡಿ ಮಾರುವವರಿಗೆ ಈಗ ವೆಬ್‌ಸೈಟ್ ಮಾಡಿಸುವುದು ದೊಡ್ಡ ಮಾತಲ್ಲ. ನಾಲ್ಕು ಒಳ್ಳೆಯ ಫೋಟೊ, ದರಪಟ್ಟಿ, ಗೊತ್ತಿರುವ ಕೊರಿಯರ್‌ನವರು ಇದ್ದರೆ ಅಂಗಡಿ ಸಿದ್ಧ. ಕಷ್ಟ ಶುರುವಾಗುವುದು ಗ್ರಾಹಕರ ಹಣ ಪಡೆಯುವ ಏರ್ಪಾಡಿನಲ್ಲಿ.

ಗ್ರಾಹಕರ ಹಣವನ್ನು ಅಂಗಡಿಗೆ ತಲುಪಿಸುವ ಪೇಮೆಂಟ್ ಅಗ್ರಿಗೇಟರ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ನಿಯಮ ರೂಪಿಸಿತು. ಪರವಾನಗಿಗೆ ಅರ್ಜಿ ಹಾಕುವಾಗಲೇ ಕಂಪನಿಗೆ 15 ಕೋಟಿ ರೂಪಾಯಿ ನಿವ್ವಳ ಮೌಲ್ಯ ಇರಬೇಕು, ಗ್ರಾಹಕರ ಹಣ ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲೇ (ಕಂಪನಿ ಸ್ವಂತಕ್ಕೆ ಬಳಸಲಾಗದ ಪ್ರತ್ಯೇಕ ಖಾತೆ) ಇರಬೇಕು. ತೀರಾ ಅಗತ್ಯವಾದ ನಿಯಮಗಳು. ಅಂಗಡಿಯವರ ಹಿನ್ನೆಲೆ ಪರಿಶೀಲಿಸುವ ಹೊಣೆಯೂ ಕಂಪನಿಗಳದ್ದೇ. ಆದ್ದರಿಂದ ಕಂಪನಿಯವರು ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ, ತಿಂಡಿಯಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಎಲ್ಲ ಕೊಟ್ಟ ಮೇಲೂ ‘ನಿಮ್ಮ ವ್ಯವಹಾರ ನಮ್ಮ ನೀತಿಗೆ ಹೊಂದುವುದಿಲ್ಲ’ ಎಂದು ಒಂದು ಸಾಲಿನ ಇಮೇಲ್ ಬಂದರೆ ಯಾವ ಕಾಗದ ಸರಿಯಿಲ್ಲ, ಏನನ್ನು ತಿದ್ದಬೇಕು ಎಂದು ಅರ್ಜಿ ಹಾಕಿದ ಗೃಹಿಣಿಗೆ ತಿಳಿಯುವುದು ಹೇಗೆ?

ಖರ್ಚಿನ ಲೆಕ್ಕವನ್ನೂ ನೋಡಬೇಕು. ಮದುವೆ ಮನೆಯೊಂದರಿಂದ 3,000 ರೂಪಾಯಿಯ ಬರ್ಫಿಗೆ ಆರ್ಡರ್ ಬಂತು ಎನ್ನೋಣ. ಸಾಮಾನ್ಯವಾಗಿರುವ ಶೇ 2ರ ಶುಲ್ಕ 60 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 10.80. ಒಟ್ಟು 70.80 ರೂಪಾಯಿ ಮುರಿದುಕೊಂಡೇ ಉಳಿದದ್ದು ಖಾತೆಗೆ ಬರುತ್ತದೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ (ಪಾವತಿ ಸ್ವೀಕರಿಸಲು ವ್ಯಾಪಾರಿ ಕೊಡುವ ಶುಲ್ಕ) ವಸೂಲಿ ಮಾಡುವಂತಿಲ್ಲ. ಹೀಗಿದ್ದೂ ವೆಬ್ ಅಂಗಡಿಯ ಯುಪಿಐ ಪಾವತಿಗೆ ‘ಪ್ಲಾಟ್‌ಫಾರ್ಮ್ ಶುಲ್ಕ’ ಹಾಕುವ ಕಂಪನಿಗಳಿವೆ. ಇತವಾರಿಯ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕ್ಯುಆರ್ ಕೋಡ್ ಅಂಟಿಸಿದವರಿಗೆ ಈ ಹೊರೆಯಿಲ್ಲ.

ಹೀಗಾಗಿ ಎಷ್ಟೋ ಮಂದಿ ವೆಬ್‌ಸೈಟ್ ಬಿಟ್ಟು ವಾಟ್ಸ್ಆ್ಯಪ್‌ಗೆ ಮರಳುತ್ತಾರೆ. ಕ್ಯುಆರ್ ಚಿತ್ರ ಕಳಿಸಿ, ಗ್ರಾಹಕರು ಕಳಿಸಿದ ಸ್ಕ್ರೀನ್‌ಶಾಟನ್ನು ಬ್ಯಾಂಕ್ ಸಂದೇಶದ ಜೊತೆ ಒಂದೊಂದಾಗಿ ತಾಳೆ ನೋಡುತ್ತಾರೆ. ಹಬ್ಬದ ಗಡಿಬಿಡಿಯಲ್ಲಿ ನಕಲಿ ಸ್ಕ್ರೀನ್‌ಶಾಟ್ ನಂಬಿ ಡಬ್ಬ ಕಳಿಸಿದರೆ ಮಾಲೂ ಹೋಯಿತು, ದುಡ್ಡೂ ಹೋಯಿತು.

ಪರವಾನಗಿಯ ತಪಾಸಣೆಯೂ ಸಣ್ಣವರನ್ನು ಕಾಯಿಸಿತು. 2022ರ ಡಿಸೆಂಬರಿನಲ್ಲಿ ರೇಜರ್‌ಪೇ, ಕ್ಯಾಶ್‌ಫ್ರೀಯಂಥ ಕಂಪನಿಗಳಿಗೆ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳಬೇಡಿ ಎಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ಆ ಎರಡಕ್ಕೂ ಅಂತಿಮ ಪರವಾನಗಿ ಸಿಕ್ಕಿದ್ದು 2023ರ ಡಿಸೆಂಬರಿನಲ್ಲಿ. ಕಂಪನಿಗಳ ತಪಾಸಣೆ ಬೇಕೇ ಬೇಕು. ಆದರೆ ಅಷ್ಟು ಕಾಲ ಹೊಸ ಅಂಗಡಿಯವರು ಅಲ್ಲಿ ಹೆಸರು ನೋಂದಾಯಿಸಲಾಗದೆ ಕಾದರು.

ಗ್ರಾಹಕರ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಗಟ್ಟಿಯಾಗಿ ನಿಂತಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ವಿಫಲವಾಗಿ ಹಣ ಕಡಿತವಾಗಿದ್ದರೆ ಐದು ದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಷ್ಟೇ ಖಚಿತವಾದ ರಕ್ಷಣೆ ವ್ಯಾಪಾರಿಗೂ ಸಿಗಲಿ. ಮಾಲು ತಲುಪಿಸಿ, ಕೊರಿಯರ್ ರಸೀದಿ ಕಳಿಸಿದ ಮೇಲೂ ‘ಪರಿಶೀಲನೆಯಲ್ಲಿದೆ’ ಎಂದು ಕಂಪನಿ ದುಡ್ಡು ತಡೆದರೆ ಮುಂದಿನ ವಾರದ ಸಕ್ಕರೆ, ಖೋವಾಕ್ಕೆ ಬಂಡವಾಳ ಎಲ್ಲಿಂದ ಬರಬೇಕು?

ರಿಸರ್ವ್ ಬ್ಯಾಂಕಿನ ಕಚೇರಿ ನಾಗಪುರದಲ್ಲೇ ಇದೆ. ಸಂವಿಧಾನ ಚೌಕಕ್ಕೆ ಆರ್‌ಬಿಐ ಚೌಕ ಎಂಬ ಹೆಸರು ಬಂದದ್ದೇ ಅದರಿಂದ. ಅಲ್ಲಿನ ಅಧಿಕಾರಿಗಳು ತಿಂಗಳಿಗೊಮ್ಮೆ ಸಣ್ಣ ವೆಬ್ ಅಂಗಡಿಯವರನ್ನು ಕರೆದು ಅಹವಾಲು ಕೇಳಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡುವುದು, ತಡೆದ ಹಣ ಬಿಡುಗಡೆಗೆ ಗಡುವು ಹಾಕುವುದು, ಕರಾರುಪತ್ರವನ್ನು ಮರಾಠಿ, ಕನ್ನಡದಂಥ ಭಾಷೆಗಳಲ್ಲೂ ಒದಗಿಸುವುದು ಕಂಪನಿಗಳಿಗೆ ಕಡ್ಡಾಯವಾಗಲಿ.

– ಓದುಗರೊಬ್ಬರು, ನಾಗಪುರ