ದಡ ಇಳಿಯಲಾಗದವರಿಗೂ ನದಿ ಸಿಗಲಿ



ಬಾರ್ಬೆಲ್ ಮೀನು ಇಂಗ್ಲೆಂಡಿನ ಸೆವರ್ನ್ ನದಿಯ ಮೂಲನಿವಾಸಿಯಲ್ಲ. 1956ರಲ್ಲಿ ಕೆನೆಟ್ ನದಿಯಿಂದ ಐನೂರು ಚಿಲ್ಲರೆ ಮೀನು ತಂದು ಬಿಟ್ಟರು, ಸಂತತಿ ಬೆಳೆಯಿತು. ಬಾಯಿಯಂಚಿಗೆ ನಾಲ್ಕು ಮೀಸೆಯ ಈ ಮೀನು ನಮ್ಮ ಕಾವೇರಿಯ ಬಿಳಿಮೀನಿಗೆ ದೂರದ ನೆಂಟ.

ಮೀನಿದ್ದರೆ ಸಾಕೆ? ಗಾಳ ಹಾಕುವವರು ನೀರಿನವರೆಗೆ ಹೋಗಬೇಕಲ್ಲ! ಸೆವರ್ನ್ ದಡ ಹಲವೆಡೆ ಕಡಿದಾಗಿದೆ, ಮಳೆ ಬಿದ್ದರೆ ಜಾರುತ್ತದೆ. ಸೆವರ್ನ್ ವ್ಯಾಲಿ ರೈಲುಮಾರ್ಗದ ಆರ್ಲೆ, ಹೈಲಿ ನಿಲ್ದಾಣಗಳು ನದಿಗೆ ಹತ್ತಿರವೇ. ಆದರೂ ಮಂಡಿನೋವಿನ ಹಿರಿಯರಿಗೆ, ಗಾಲಿಕುರ್ಚಿಯವರಿಗೆ ದಡದ ಕೊನೆಯ ಹತ್ತು ಹೆಜ್ಜೆಯೇ ದೊಡ್ಡ ಅಡ್ಡಿ.

ಗಾಳ ಹಾಕಲು ದಿನದ ಟಿಕೆಟ್ ಮಾರುವ ಸಂಘಗಳು ಸಮತಟ್ಟು ಜಾಗ ಎಲ್ಲಿದೆ, ಕಾರು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಟಿಕೆಟ್ಟಿನಲ್ಲೇ ಅಚ್ಚು ಹಾಕಿಸಲಿ. ಜೂನ್ 16ಕ್ಕೆ ನದಿಯಲ್ಲಿ ಗಾಳ ಹಾಕುವ ಋತು ತೆರೆಯುವ ಮೊದಲೇ ಇದು ಆಗಬೇಕು.

- ಓದುಗರೊಬ್ಬರು