ಮಳೆಯಲ್ಲಿ ಗುಡ್ಡ ಹತ್ತುವ ಸೈಕಲ್ಲಿಗೆ ಎಂಥ ಚಡ್ಡಿ?

ಮಲೆನಾಡಿನ ನಮ್ಮಂಥ ಸಣ್ಣ ಊರುಗಳಿಗೂ ದಪ್ಪ ಟೈರಿನ ಗೇರ್ ಸೈಕಲ್ಲು ಬಂದಿವೆ. ಭಾನುವಾರ ಬೆಳಕು ಹರಿಯುವ ಮೊದಲೇ ಮಕ್ಕಳು ಎಸ್ಟೇಟ್ ರಸ್ತೆ, ಗುಡ್ಡದ ಕಾಲುದಾರಿ ಹಿಡಿದು ಹೊರಟು, ಸಂಜೆಗೆ ಕೆಸರಿನ ಮುದ್ದೆಯಾಗಿ ಮನೆ ಸೇರುತ್ತಾರೆ. ಸೈಕಲ್ಲಿಗೆ ಸಾವಿರಾರು ರೂಪಾಯಿ ಸುರಿಯುವ ಯಜಮಾನರು ಹಾಕಿಕೊಳ್ಳುವ ಚಡ್ಡಿಯ ವಿಷಯಕ್ಕೆ ಮಾತ್ರ “ಹಳೇ ಬರ್ಮುಡಾ ಇದೆಯಲ್ಲ, ಸಾಕು” ಅಂದುಬಿಡುತ್ತಾರೆ. ಸಾಕೋ ಬೇಕೋ ಅನ್ನೋದು ಬಟ್ಟೆ ಒಗೆಯುವ ತಾಯಿಗೆ ಗೊತ್ತು.

ಒದ್ದೆ ಬಟ್ಟೆ ಗಂಟೆಗಟ್ಟಲೆ ಉಜ್ಜಿದರೆ ತೊಡೆಸಂದಿ ಕೆಂಪಗಾಗುತ್ತದೆ, ಗುಳ್ಳೆ ಏಳುತ್ತದೆ, ಹುಣ್ಣಾಗುತ್ತದೆ. ಗಂಡುಹುಡುಗರು “ಉರೀತಿದೆ ಅಮ್ಮಾ” ಅಂತ ಕೂಗಿ ಹೇಳುತ್ತಾರೆ. ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಎರಡು ವಾರ ಬಿಟ್ಟು “ನಂಗೆ ಸೈಕಲ್ ಬೇಜಾರು” ಎಂದು ಮೂಲೆಗೆ ಒರಗಿಸುತ್ತಾರೆ. ನನ್ನ ಮಗಳೂ ಹಾಗೇ ಹೇಳಿದಳು. ಅವಳು ನಡೆಯುವ ರೀತಿ ನೋಡಿ ಒಳಗೆ ಕರೆದು ಕೇಳಿದ ಮೇಲೇ ಸಂಗತಿ ಹೊರಬಂತು. ನಿಮ್ಮ ಮನೆಯಲ್ಲೂ ಹುಡುಗಿ ಇದ್ದಕ್ಕಿದ್ದಂತೆ ಸೈಕಲ್ ಬಿಟ್ಟರೆ ಸೋಮಾರಿ ಅನ್ನುವ ಮೊದಲು ಒಮ್ಮೆ ಮೆಲ್ಲಗೆ ವಿಚಾರಿಸಿ.

ಹತ್ತಿ ಒಳ್ಳೆಯ ಬಟ್ಟೆ, ನಾನೇನೂ ಅದನ್ನು ದೂರುತ್ತಿಲ್ಲ. ಆದರೆ ಅದಕ್ಕೆ ನೀರಿನ ಮೇಲೆ ಆಸೆ ಜಾಸ್ತಿ. ಸಾಧಾರಣ ಹವೆಯಲ್ಲೇ ಅದು ತನ್ನ ತೂಕದ ಶೇಕಡಾ 8ರಷ್ಟು ತೇವ ಹಿಡಿದಿರುತ್ತದೆ. ನೈಲಾನ್ ಸುಮಾರು 4, ಪಾಲಿಯೆಸ್ಟರ್ ಅರ್ಧಕ್ಕೂ ಕಡಿಮೆ. ಆದ್ದರಿಂದ ಒಮ್ಮೆ ನೆನೆದ ಹತ್ತಿ ಚಡ್ಡಿ ಮನೆ ಸೇರುವವರೆಗೂ ಒದ್ದೆಯೇ. ಜೀನ್ಸ್ ಚಡ್ಡಿಯಂತೂ ಬೇಡವೇ ಬೇಡ.

ಹಾಗಾದರೆ ಒಂದು ತೊಟ್ಟೂ ಒಳಗೆ ಬಿಡದ ರೇನ್‌ಕೋಟಿನಂಥ ಚಡ್ಡಿ ಕೊಂಡರಾಯಿತಲ್ಲ ಅನ್ನುವಿರಿ. ಬಿಸಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿಟ್ಟು ತೆಗೆದು ನೋಡಿ, ತಟ್ಟೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ಗುಡ್ಡ ಹತ್ತುವವರ ಮೈಯೂ ಹಾಗೆಯೇ ಬೇಯುತ್ತಿರುತ್ತದೆ. ಹೊರಗಿನ ಮಳೆ ತಡೆದು ಒಳಗಿನ ಬೆವರಿನಲ್ಲಿ ನೆನೆದರೆ ಬಂದ ಭಾಗ್ಯವೇನು? ನೀರು ತಡೆದು ಆವಿಯನ್ನಷ್ಟೇ ಹೊರಗೆ ಬಿಡುವ ತೆಳು ಪೊರೆಯ ಬಟ್ಟೆಗಳೂ ಇವೆ. ಅಂಥ ಬಟ್ಟೆಯ ಚೀಟಿಯಲ್ಲಿ 10,000 ಎಂಎಂ ಎಂದಿದ್ದರೆ, ಅಷ್ಟೆತ್ತರದ ನೀರಿನ ಒತ್ತಡವನ್ನು ತಡೆಯಿತು ಎಂದರ್ಥ. ಗ್ರಾಂ ಲೆಕ್ಕವಿದ್ದರೆ, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಹೊರಹೋದ ಆವಿಯ ತೂಕ ಅದು. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಹವೆ ಒಳಗಿಗಿಂತ ಒಣಗಿರಬೇಕು, ತಣ್ಣಗಿರಬೇಕು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಹೊರಗಿನ ಹವೆಯೇ ಒದ್ದೆ ಕಂಬಳಿ! ಚಳಿ ದೇಶದವರಿಗೆ ಒದಗುವಷ್ಟು ಅದು ನಮಗೆ ಒದಗುವುದಿಲ್ಲ. ಬೆಲೆಯೂ ದುಬಾರಿ.

ನಾನು ಒಪ್ಪುವುದು ತೆಳುವಾದ, ಗಟ್ಟಿ ನೇಯ್ಗೆಯ ನೈಲಾನ್ ಅಥವಾ ಪಾಲಿಯೆಸ್ಟರ್ ಚಡ್ಡಿ. ಸ್ವಲ್ಪ ಹಿಗ್ಗುವ ದಾರ ಸೇರಿದ್ದರೆ ಇನ್ನೂ ಒಳ್ಳೆಯದು. ಹೊರಮೈಗೆ ನೀರು ಜಾರುವ ಲೇಪ ಇರಲಿ. ಅಂಗಡಿಯಲ್ಲಿ ಅನುಮತಿ ಕೇಳಿ ಬೆರಳಿನಿಂದ ಎರಡು ಹನಿ ನೀರು ಹಾಕಿ ನೋಡಿ. ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳಿದರೆ ಸರಿ. ಕಲೆಯಂತೆ ಹರಡಿದರೆ ಲೇಪ ಇಲ್ಲ. ಜಡಿಮಳೆ ಹಿಡಿದರೆ ಇದೂ ನೆನೆಯುತ್ತದೆ, ಸುಳ್ಳು ಹೇಳುವುದೇಕೆ? ಆದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ಮೈಮೇಲೇ ಆರತೊಡಗುತ್ತದೆ.

ಕೂರುವ ಭಾಗ ಮಾತ್ರ ದಪ್ಪನಾಗಿರಲಿ. ಅಲ್ಲಿ ಉಜ್ಜಾಟ ಹೆಚ್ಚು. ಹಿಂದಿನ ಚಕ್ರ ಎರಚುವ ಕೆಸರು ನೀರೂ ಅಲ್ಲಿಗೇ. ಈ ಸೈಕಲ್ಲುಗಳಿಗೆ ಬಹುಪಾಲು ಮಡ್‌ಗಾರ್ಡೇ ಇರುವುದಿಲ್ಲ, ಅದೇನು ಚೆಂದವೋ! ಕಳಚಿ ಹಾಕುವ ಪ್ಲಾಸ್ಟಿಕ್ ಮಡ್‌ಗಾರ್ಡ್ ಒಂದನ್ನು ಹಿಂದೆ ಸಿಕ್ಕಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಅಳತೆ ನೋಡುವಾಗ ನಿಂತು ನೋಡಿದರೆ ಸಾಲದು. ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಾಗಿ ಮಂಡಿ ಮಡಚಲಿ. ಆಗ ಹಿಂದೆ ಸೊಂಟ ಜಾರಬಾರದು, ತೊಡೆ ಬಿಗಿಯಬಾರದು. ಬಹಳ ದೊಗಲೆಯೂ ಬೇಡ, ಸೀಟಿನ ಮೂತಿಗೆ ಸಿಕ್ಕಿಕೊಳ್ಳುತ್ತದೆ.

ಮುಖ್ಯವಾದದ್ದು ಒಳಗಿನದು. ಮೇಲಿನ ಚಡ್ಡಿ ಎಷ್ಟೇ ಒಳ್ಳೆಯದಿದ್ದರೂ ಉದ್ದ ಸವಾರಿಗೆ ಒಳಗೊಂದು ಮೈಗಂಟುವ ಪ್ಯಾಡ್ ಚಡ್ಡಿ ಬೇಕು. ಹಿಂದೆ ಇದಕ್ಕೆ ಮೆದು ಚರ್ಮದ ತುಂಡು ಹೊಲಿಯುತ್ತಿದ್ದರು, ಈಗ ಸ್ಪಂಜಿನದು. ಹೆಣ್ಣುಮಕ್ಕಳಿಗೆ ಹಿಂದೆ ಅಗಲವಾಗಿದ್ದು ನಡುವೆ ಹೊಲಿಗೆ ಇಲ್ಲದ್ದೇ ಆಗಬೇಕು. ಅಣ್ಣನದು ತಂಗಿಗೆ ಬೇಡ. ಇದರೊಳಗೆ ಬೇರೆ ಒಳಚಡ್ಡಿ ಹಾಕಬಾರದು. ಕೇಳಲು ಸಂಕೋಚವಾದರೂ ಹೇಳಿಕೊಡಬೇಕಾದ ಮಾತು, ಏಕೆಂದರೆ ಆ ಒಳಚಡ್ಡಿಯ ಅಂಚಿನ ಹೊಲಿಗೆಯೇ ಗಾಯ ಮಾಡುವುದು. ಸವಾರಿ ಮುಗಿದ ಕೂಡಲೇ ಬದಲಾಯಿಸಲಿ, ಒದ್ದೆ ಪ್ಯಾಡಿನಲ್ಲೇ ಬಸ್ಸು ಹತ್ತುವುದು ಬೇಡ. ಹುಣ್ಣು ಎದ್ದಿದ್ದರೆ ವಾಸಿಯಾಗುವವರೆಗೆ ಸೈಕಲ್ಲಿಗೆ ರಜೆ. ಕೀವು, ಜ್ವರ ಇದ್ದರೆ ನೇರ ವೈದ್ಯರ ಬಳಿ.

ನಮ್ಮತ್ತೆಯವರು “ಹೆಣ್ಣುಮಗು ಚಡ್ಡಿ ಹಾಕ್ಕೊಂಡು ಪೇಟೆ ಮೇಲೆ ಹೋಗೋದೇನೇ?” ಅಂದರು. “ದೊಗಲೆ ಪ್ಯಾಂಟು ಚೈನಿಗೆ ಸಿಕ್ಕಿ ಬಿದ್ದರೆ ಯಾರು ನೋಡ್ತಾರೆ ಅತ್ತೆ?” ಅಂದೆ. ಪಾದದವರೆಗೆ ಬರುವ ಪ್ಯಾಡ್ ಟೈಟ್ಸ್ ಸಿಗುತ್ತವೆ. ಅದರ ಮೇಲೆ ಈ ಚಡ್ಡಿ ಹಾಕಿದ್ದಾಳೆ. ಅತ್ತೆಯವರು ಇನ್ನೂ ಗೊಣಗುತ್ತಾರೆ, ಹೊರಡುವಾಗ ಬುತ್ತಿಯನ್ನು ಕಟ್ಟಿಕೊಡುವವರೂ ಅವರೇ.

ಒಗೆಯುವಾಗ ತಣ್ಣೀರು, ಸ್ವಲ್ಪ ಸೋಪು ಸಾಕು. ಬಟ್ಟೆ ಮೆದು ಮಾಡುವ ಘಮಘಮ ದ್ರವ ಹಾಕಲೇಬೇಡಿ. ಅದು ಬಟ್ಟೆಗೆ ಮೆತ್ತಿಕೊಂಡರೆ ನೀರು ಜಾರುವ ಗುಣ ಕುಂದುತ್ತದೆ, ಬೆವರೂ ಆರುವುದಿಲ್ಲ. ಲೇಪ ಮಂಕಾದಾಗ, ಚೀಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆಯಿದ್ದರೆ, ಮೇಲೊಂದು ಹತ್ತಿ ಬಟ್ಟೆ ಹಾಸಿ ಉಗುರುಬೆಚ್ಚಗೆ ತಿಕ್ಕಿ, ಚುರುಕಾಗುತ್ತದೆ. ಮಳೆಗಾಲದಲ್ಲಿ ಒಣಗಿಸಲು ಬಚ್ಚಲ ಒಲೆಯ ಹತ್ತಿರ ಹರಡಬೇಡಿ. ನೈಲಾನ್ ಮುದುರಿ ಕರಗೀತು. ಪ್ಯಾಡ್ ಚಡ್ಡಿಯ ಒಳಮೈ ಹೊರಗೆ ಮಾಡಿ ಫ್ಯಾನಿನ ಕೆಳಗೆ ಹಾಕಿ. ಅದು ಆರಲು ಹೊತ್ತು ಹಿಡಿಯುವುದರಿಂದ ಮೇಲಿನದು ಒಂದೇ ಇದ್ದರೂ ಒಳಗಿನದು ಎರಡು ಜೊತೆ ಇಟ್ಟುಕೊಳ್ಳಿ.