ದೇವರನ್ನು ನಂಬದ ಸೋದರಮಾವ ಜಾವಳಕ್ಕೆ ಕೂರಬಹುದೇ?

ಜಾವಳ ಅಂದರೆ ಸೋದರಮಾವ ಬೇಕೇ ಬೇಕು. ಯಾದಗಿರಿ ಜಿಲ್ಲೆಯ ಸೈದಾಪುರದಂಥ ಊರುಗಳಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲಿಗೆ ಕತ್ತರಿ ಇಡುವುದು ಅವನ ಹಕ್ಕು, ಅವನ ಕರ್ತವ್ಯವೂ ಹೌದು. ಕಿವಿ ಚುಚ್ಚಿಸುವಾಗಲೂ ಅವನ ತೊಡೆಯೇ ಬೇಕು. ಆ ಮಾವನಿಗೆ ದೇವರಲ್ಲಿ ನಂಬಿಕೆ ಇಲ್ಲ ಅಂದುಕೊಳ್ಳಿ. ಅವನು ಬೆಂಗಳೂರಿಗೆ ದುಡಿಯಲು ಹೋಗಿ ಬಂದವನಿರಬಹುದು, ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ ಇರಬಹುದು. ಅಕ್ಕ ಕರೆದಿದ್ದಾಳೆ. ಹೋದರೆ ತನ್ನ ಮಾತಿಗೆ ತಾನೇ ತಪ್ಪಿದೆ ಅನ್ನಿಸುತ್ತದೆ. ಹೋಗದಿದ್ದರೆ ಅಕ್ಕನ ಮನೆಯ ಜೊತೆ ಮಾತೇ ನಿಂತುಹೋಗಬಹುದು.

ಕೂರಬಹುದು ಎನ್ನುವುದು ನಮ್ಮ ಅಭಿಪ್ರಾಯ. ಒಂದೋ ಮೂರೋ ವರ್ಷದ ಕೂಸಿಗೆ ಆ ದಿನ ಗೊತ್ತಾಗುವುದು ತಾನು ಮಾವನ ತೊಡೆಯ ಮೇಲಿದ್ದೇನೆ ಎಂಬುದಷ್ಟೇ. "ಕೂಸನ್ನ ಹಿಡ್ಕೋತೀನಿ, ಪೂಜಾ ನೀವು ಮಾಡ್ರಿ" ಎಂದು ಅಕ್ಕನಿಗೆ ಮೊದಲೇ ಹೇಳಿಟ್ಟರೆ ಯಾರೂ ಸುಳ್ಳು ಆಡಬೇಕಾಗಿಲ್ಲ. ಹತ್ತಿರ ಕೂತ ಮಾವನಿಂದ ಒಂದು ಉಪಯೋಗವೂ ಇದೆ. ಹೊಸ ಬ್ಲೇಡ್ ಹಾಕಿಸುವುದನ್ನು ಅವನು ನೋಡಿಕೊಳ್ಳಬಹುದು. ಒಂದೇ ಬ್ಲೇಡಿನಲ್ಲಿ ಹಲವು ಮಕ್ಕಳ ತಲೆ ಬೋಳಿಸಿದರೆ ಹೆಪಟೈಟಿಸ್ ಬಿ ಥರದ, ರಕ್ತದಿಂದ ಹರಡುವ ಸೋಂಕಿಗೆ ದಾರಿಯಾಗುತ್ತದೆ. ಅಂದಹಾಗೆ, ಜಾವಳ ತೆಗೆದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬುದು ನಿಜವಲ್ಲ. ಕೂದಲಿನ ಬೇರು ಚರ್ಮದ ಒಳಗಿದೆ, ಬ್ಲೇಡ್ ಅಲ್ಲಿಗೆ ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹೊಸ ಕೂದಲು ದಪ್ಪ ಕಾಣುತ್ತದೆ, ಅಷ್ಟೇ.

ಮಗು ದೊಡ್ಡದಾಗಿ ಪ್ರಶ್ನೆ ಕೇಳಲು ಶುರು ಮಾಡಿದಾಗ ನಿಜವಾದ ಕಷ್ಟ ಬರುತ್ತದೆ. ಆ ಹೊತ್ತಿಗೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲೂ ಜಗಳ ಶುರುವಾಗಿರುತ್ತದೆ.

ಧಾರ್ಮಿಕ ಮನೆಯ ಮಕ್ಕಳು ಸ್ವಾರ್ಥಿಗಳೇ?

ನಂಬದವರು ಕಳಿಸುವ ಫಾರ್ವರ್ಡ್‌ಗಳಲ್ಲಿ ಇದೂ ಒಂದು. ಮೂಲದಲ್ಲಿ ಇದು ಪೂರ್ತಿ ಕಟ್ಟುಕಥೆಯೇನಲ್ಲ. 2015ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಆರು ದೇಶಗಳ 1,170 ಮಕ್ಕಳ ಮೇಲಿನ ಅಧ್ಯಯನವೊಂದು ಬಂತು. ಮಕ್ಕಳಿಗೆ ಸ್ಟಿಕರ್ ಕೊಟ್ಟು, ಬೇರೆ ಮಕ್ಕಳಿಗೆ ಎಷ್ಟು ಹಂಚುತ್ತಾರೆ ಎಂದು ನೋಡಿದ್ದರು. ಧಾರ್ಮಿಕ ಮನೆಯ ಮಕ್ಕಳು ಕಡಿಮೆ ಹಂಚಿದರು ಎಂದು ಅದು ಹೇಳಿತು. ಸುದ್ದಿ ಜಗತ್ತೆಲ್ಲ ಓಡಾಡಿತು.

ಆಮೇಲೆ ಬೇರೆ ಸಂಶೋಧಕರು ಅದೇ ಅಂಕಿಅಂಶ ತರಿಸಿಕೊಂಡು ಲೆಕ್ಕ ಹಾಕಿದಾಗ ತಪ್ಪು ಸಿಕ್ಕಿತು. ಗುರುತಿಗೆಂದು ಪ್ರತಿ ದೇಶಕ್ಕೂ ಒಂದೊಂದು ಸಂಖ್ಯೆ ಕೊಟ್ಟಿದ್ದರು. ಲೆಕ್ಕದಲ್ಲಿ ಆ ಸಂಖ್ಯೆಗಳನ್ನೇ ಅಳತೆ ಎಂದು ಬಳಸಿಬಿಟ್ಟಿದ್ದರು. ಬಸ್ ನಂಬರ್ 20, ಬಸ್ ನಂಬರ್ 10ಕ್ಕಿಂತ ಎರಡು ಪಟ್ಟು ದೊಡ್ಡದು ಅಂದಹಾಗೆ! ಸರಿಪಡಿಸಿ ನೋಡಿದರೆ, ಮಕ್ಕಳ ಹಂಚಿಕೆಯಲ್ಲಿದ್ದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅವರು ಯಾವ ದೇಶದವರು ಎಂಬುದಾಗಿತ್ತು. 2019ರಲ್ಲಿ ಲೇಖಕರೇ ಅಧ್ಯಯನವನ್ನು ಹಿಂತೆಗೆದುಕೊಂಡರು. ಫಾರ್ವರ್ಡ್ ಮಾತ್ರ ಇನ್ನೂ ತಿರುಗುತ್ತಿದೆ.

ಇದು ಬಿದ್ದುಹೋಯಿತು ಅಂದಮಾತ್ರಕ್ಕೆ "ದೇವರ ಭಯ ಇಲ್ಲದ ಮಕ್ಕಳು ಕೆಡುತ್ತಾರೆ" ಎಂಬ ಎದುರಿನ ಫಾರ್ವರ್ಡ್ ಗೆದ್ದಿತು ಎಂದಲ್ಲ. ಅದಕ್ಕೂ ಈ ಅಧ್ಯಯನದಲ್ಲಿ ಆಧಾರ ಇಲ್ಲ.

"ಮಾಮಾ, ನೀ ಯಾಕ ಕೈ ಮುಗಿಯಂಗಿಲ್ಲ?"

ಮಗು ಹೀಗೆ ಕೇಳಿದರೆ ಸುಳ್ಳು ಬೇಡ, ಭಾಷಣವೂ ಬೇಡ. "ನನಗ ಅದರಾಗ ನಂಬಿಕಿ ಇಲ್ಲವ್ವ. ನಿಮ್ಮ ಅವ್ವಗ ಐತಿ. ದೊಡ್ಡಾಕಿ ಆದ ಮ್ಯಾಲ ನೀನ ವಿಚಾರ ಮಾಡು" ಅಂದರೆ ಸಾಕು. ಈ ಉತ್ತರದಲ್ಲಿ ಮಗುವಿಗೆ ಒಂದು ಹೊಸ ಸಂಗತಿ ಸಿಗುತ್ತದೆ: ತಾನು ಪ್ರೀತಿಸುವ ಇಬ್ಬರು ಬೇರೆ ಬೇರೆ ಯೋಚಿಸಬಹುದು, ಆದರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು.

ಮಗುವನ್ನು ಹೇಗೆ ಬೆಳೆಸಬೇಕು ಎಂಬ ತೀರ್ಮಾನ ತಂದೆ ತಾಯಿಯದು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಧರ್ಮದ ವಿಷಯದಲ್ಲಿ ಮಗುವಿನ ಸ್ವಾತಂತ್ರ್ಯವನ್ನು ಮಾನ್ಯ ಮಾಡುತ್ತದೆ. ಮಗುವಿನ ಬುದ್ಧಿ ಬೆಳೆದಂತೆ ಅದಕ್ಕೆ ತಕ್ಕ ದಾರಿ ತೋರುವ ಹಕ್ಕನ್ನು ಪಾಲಕರಿಗೆ ಕೊಡುತ್ತದೆ. ಮಾವ, ಕಾಕಾ, ಅತ್ತೆಯ ಹೆಸರು ಅಲ್ಲಿ ಬರುವುದಿಲ್ಲ. ಕುವೆಂಪು 1966ರಲ್ಲಿ ಪುರೋಹಿತರಿಲ್ಲದೆ ಮಂತ್ರಮಾಂಗಲ್ಯ ನಡೆಸಿದ್ದು ತಮ್ಮ ಸ್ವಂತ ಮಗ ತೇಜಸ್ವಿಯ ಮದುವೆಯಲ್ಲಿ. ಬದಲಾವಣೆ ತರಬೇಕೆನ್ನುವವರು ನೆನಪಿಡಬೇಕಾದ ವಿವರ ಇದು.

ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಇದು ಇನ್ನೂ ನಾಜೂಕು. "ಅಜ್ಜಿ ದೇವರ ಹತ್ರ ಹೋಗ್ಯಾಳ" ಎಂದು ತಾಯಿ ಹೇಳಿದ್ದಾಳೆ. ಅದನ್ನು ಆಗಲೇ ತಿದ್ದಬೇಕೇ? ಸ್ಪೇನ್ ದೇಶದ 7 ಮತ್ತು 11 ವರ್ಷದ ಮಕ್ಕಳ ಮೇಲಿನ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಸಾವಿನ ಕಥೆಯನ್ನು ವೈದ್ಯರ ಮಾತಿನಲ್ಲಿ ಹೇಳಿದರೆ, ದೇಹದ ಕೆಲಸ ನಿಂತಿತು ಎಂದು ಹೆಚ್ಚಿನ ಮಕ್ಕಳು ಹೇಳಿದರು. ಪಾದ್ರಿಯ ಮಾತಿನಲ್ಲಿ ಹೇಳಿದರೆ, ಏನೋ ಒಂದು ಮುಂದುವರಿಯುತ್ತದೆ ಎನ್ನುವ ಉತ್ತರ ಹೆಚ್ಚಾಯಿತು. ಅಂದರೆ ಎರಡು ತಿಳಿವಳಿಕೆಯನ್ನೂ ಮಕ್ಕಳು ಒಟ್ಟಿಗೆ ಇಟ್ಟುಕೊಳ್ಳಬಲ್ಲರು. "ಅಜ್ಜಿ ತಿರುಗಿ ಬರಂಗಿಲ್ಲ. ನನಗೂ ಆಕಿ ಭಾಳ ನೆನಪಾಗ್ತಾಳ" ಎಂದು ಮಾವ ಹೇಳಿದರೆ ಅದು ನಿಜವೂ ಹೌದು, ತಾಯಿಯ ಮಾತಿಗೆ ಅಡ್ಡಿಯೂ ಅಲ್ಲ.

ಭಯದ ವಿಷಯ ಬೇರೆ. "ಸುಳ್ಳು ಹೇಳಿದಿ, ಅದಕ್ಕ ಜ್ವರ ಬಂತು ನೋಡು" ಎಂಬ ಮಾತನ್ನು ಸಣ್ಣ ಮಕ್ಕಳು ತೀರಾ ಸುಲಭವಾಗಿ ನಂಬುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಇದನ್ನು ವಿವರಿಸಿದ್ದರು. ಸೇಬು ಕದ್ದ ಹುಡುಗ ಓಡುವಾಗ ಹಳೆಯ ಹಲಗೆಯ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದಿದ್ದರೂ ಬೀಳುತ್ತಿದ್ದನೇ ಎಂದು ಕೇಳಿದರೆ, ಇಲ್ಲ ಎಂದವರೇ ಚಿಕ್ಕ ಮಕ್ಕಳಲ್ಲಿ ಹೆಚ್ಚು. ಕಾಯಿಲೆ ತನ್ನ ತಪ್ಪಿಗೆ ಶಿಕ್ಷೆ ಎಂದು ಮಗು ಒಳಗೊಳಗೇ ನರಳುತ್ತಿದ್ದರೆ, "ಜ್ವರ ಬಂದಿದ್ದು ನಿನ್ನ ತಪ್ಪಿನಿಂದಲ್ಲ" ಎಂದು ಯಾರಾದರೂ ಹೇಳಲೇಬೇಕು. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಅದಕ್ಕೆ ಬೇಕಿಲ್ಲ.

ಸುಮ್ಮನಿರಬಾರದ್ದು ಯಾವಾಗ?

ಮಗುವಿನ ಮೈಗೆ, ಜೀವಕ್ಕೆ ಅಪಾಯ ಇದ್ದಾಗ. ಈ ಗೆರೆಯನ್ನು ನಮ್ಮ ರಾಜ್ಯದ ಕಾನೂನೇ ಎಳೆದಿದೆ. ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಕಾಯಿಲೆ ವಾಸಿಮಾಡುವ ಹೆಸರಿನಲ್ಲಿ ಮಕ್ಕಳನ್ನು ಮುಳ್ಳಿನ ಮೇಲೆ ಅಥವಾ ಎತ್ತರದಿಂದ ಎಸೆಯುವುದು ಅದರಡಿ ಅಪರಾಧ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ದಾರ ಕಟ್ಟುವುದೂ ಅಪರಾಧವೇ. ಭಜನೆ, ಹರಿಕಥೆ, ಯಾತ್ರೆ, ಮಕ್ಕಳ ಕಿವಿ ಮೂಗು ಚುಚ್ಚಿಸುವುದು, ಮನೆ, ಗುಡಿ, ದರ್ಗಾ, ಚರ್ಚುಗಳಲ್ಲಿ ಯಾರಿಗೂ ಗಾಯವಾಗದಂತೆ ನಡೆಯುವ ಪೂಜೆ ಇವನ್ನು ಕಾಯ್ದೆ ಮುಟ್ಟುವುದಿಲ್ಲ. ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದಕ್ಕೆ ಪ್ರತ್ಯೇಕ ಕಾಯ್ದೆಯ ನಿಷೇಧ ಇದೆ. ಅಂಥ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ದಿನನಿತ್ಯದಲ್ಲಿ ಎದುರಾಗುವುದು ಇಷ್ಟು ದೊಡ್ಡ ವಿಷಯಗಳಲ್ಲ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಹಾಸುತ್ತಾರೆ. ಸೊಪ್ಪು ಇರಲಿ, ಅದಕ್ಕಾಗಿ ಜಗಳ ಬೇಡ. ಮಗು ನೀರು ಕುಡಿಯದಿದ್ದರೆ, ಉಸಿರಾಟ ಕಷ್ಟವಾದರೆ, ಮಂಪರಿನಲ್ಲೇ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗುಳ್ಳೆ ಎದ್ದ ಮಗುವಿಗೆ ಆಸ್ಪಿರಿನ್ ಕೊಡಲೇಬಾರದು. "ಪೂಜಾ ಆಮ್ಯಾಲ ಮಾಡೂಣು, ಮೊದಲ ದವಾಖಾನಿಗೆ ನಡಿ" ಎಂಬ ಮಾತನ್ನು ಅಕ್ಕ ಕೇಳುತ್ತಾಳೋ ಇಲ್ಲವೋ ಎಂಬುದು ಅಲ್ಲಿಯವರೆಗೆ ಮಾವ ಹೇಗೆ ನಡೆದುಕೊಂಡಿದ್ದಾನೆ ಎಂಬುದರ ಮೇಲೆ ಹೋಗುತ್ತದೆ. ಪ್ರತಿ ಹಬ್ಬಕ್ಕೂ ಹಂಗಿಸಿದವನ ಮಾತಿಗೆ ಆ ರಾತ್ರಿ ಬೆಲೆ ಇರುವುದಿಲ್ಲ.

ಜಾತ್ರೆಯಲ್ಲೂ ಹೀಗೇ. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ ನಡೆಯುತ್ತದೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆ ಅಲ್ಲಿ ಹಳೆಯದು. ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ, ದಾರಿಯಲ್ಲೇ ತಪಾಸಣೆ ಮಾಡಿ ಮರಿಗಳನ್ನು ವಶಕ್ಕೆ ಪಡೆಯುತ್ತದೆ. ಜಾತ್ರೆ ನಿಂತಿಲ್ಲ, ಭಂಡಾರ ಹಾರುವುದೂ ನಿಂತಿಲ್ಲ. ನಂಬದ ಮಾವನೂ ಅಲ್ಲಿಗೆ ಹೋಗಿಬರಬಹುದು. ಅಷ್ಟು ಜನಜಂಗುಳಿಯಲ್ಲಿ ಮಕ್ಕಳ ಕೈ ಹಿಡಿಯಲು ಒಬ್ಬರು ಬೇಕೇ ಬೇಕು. ಹೊರಡುವ ಮುನ್ನ ಮನೆಯವರ ಮೊಬೈಲ್ ನಂಬರನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿಗೆ ಹಾಕಿ.